ಪಂಜರದ ಹಕ್ಕಿಗಳಿಗೆ ತಾಜಾ ಹಣ್ಣು: ಯಾವುದನ್ನು, ಎಷ್ಟು, ಹೇಗೆ ಕೊಡಬೇಕು?

ಪ್ರಶ್ನೆ: ಬಸವನಗುಡಿ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಜೊತೆ ಕಾಕಟೀಲ್ (ತಲೆಯ ಮೇಲೆ ಜುಟ್ಟಿರುವ ಗಿಳಿ ಜಾತಿಯ ಹಕ್ಕಿ) ಹಾಗೂ ನಾಲ್ಕು ಬಡ್ಜಿಗಳಿವೆ. (ಬಡ್ಜಿ ಎಂದರೆ ನಮ್ಮೂರಿನ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಹೇಳಿ ಮಾರುವ ಪುಟ್ಟ ಗಿಳಿ.) ಒಂದೂವರೆ ವರ್ಷದಿಂದ ನವಣೆ, ಸಾಮೆ ಮತ್ತು ಅಂಗಡಿಯ ಕಾಳಿನ ಮಿಶ್ರಣವನ್ನಷ್ಟೇ ಹಾಕಿಕೊಂಡು ಬಂದಿದ್ದೆ. ಹೋದ ತಿಂಗಳು ಗಂಡು ಕಾಕಟೀಲಿನ ಉಗುರು ಕತ್ತರಿಸಲು ಪಶುವೈದ್ಯರಲ್ಲಿಗೆ ಕರೆದೊಯ್ದಾಗ, ಬರಿಯ ಕಾಳು ತಿಂದು ಬದುಕುವ ಹಕ್ಕಿಗಳಿಗೆ ಎ ಜೀವಸತ್ವದ ಕೊರತೆಯಾಗುತ್ತದೆಂದೂ, ಸೊಪ್ಪು ತರಕಾರಿಯ ಜೊತೆಗೆ ಸ್ವಲ್ಪ ತಾಜಾ ಹಣ್ಣನ್ನೂ ರೂಢಿ ಮಾಡಿಸಬೇಕೆಂದೂ ಅವರು ಹೇಳಿದರು. ಅಂದು ಹೊರಗೆ ಬಹಳ ಮಂದಿ ಕಾಯುತ್ತಿದ್ದುದರಿಂದ, ಯಾವ ಹಣ್ಣು, ಎಷ್ಟು, ಹೇಗೆ ಎಂದು ವಿವರವಾಗಿ ಕೇಳಲು ಸಂಕೋಚವಾಯಿತು.

ಮರುದಿನವೇ ಗಾಂಧಿ ಬಜಾರಿನಿಂದ ಕಲ್ಲಂಗಡಿ ತಂದು, ಅಂಗೈಯಗಲದ ಹೋಳೊಂದನ್ನು ಪಂಜರದ ಸರಳಿಗೆ ಸಿಕ್ಕಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಗೆಯೇ ಬಿಟ್ಟೆ. ಬಡ್ಜಿಗಳು ಅದರ ಮೇಲೆ ಹತ್ತಿ ಕುಳಿತು ಆಸೆಯಿಂದ ತಿಂದವು. ಸಂಜೆ ನೋಡಿದರೆ ತಟ್ಟೆಗೆ ಹಾಸಿದ್ದ ಕಾಗದವೆಲ್ಲ ಒದ್ದೆಯಾಗಿ, ಪ್ರತಿಯೊಂದು ಹಿಕ್ಕೆಯ ಸುತ್ತಲೂ ನೀರಿನ ಕಲೆ ಹರಡಿತ್ತು. ಭೇದಿಯಾಗಿದೆ ಎಂದು ಹೆದರಿ ಅಂದಿನಿಂದ ಹಣ್ಣನ್ನೇ ನಿಲ್ಲಿಸಿದ್ದೇನೆ.

ಈಗ ನನ್ನ ಸಂದೇಹಗಳು ಇವು. ಕಲ್ಲಂಗಡಿಯಿಂದ ಆದದ್ದು ನಿಜವಾಗಿಯೂ ಭೇದಿಯೇ? ದ್ರಾಕ್ಷಿಯ ಮೇಲಿರುವ ಬಿಳಿಯ ಪುಡಿ ಔಷಧಿಯೇ, ತೊಳೆದರೆ ಹೋಗುತ್ತದೆಯೇ? ಯಾವ ಹಣ್ಣಿನ ಬೀಜವನ್ನು ತೆಗೆಯಲೇಬೇಕು? ನಮ್ಮ ಅತ್ತೆಯವರು ಸಂಜೆ ಬೆಣ್ಣೆ ಹಣ್ಣಿನ ಜ್ಯೂಸ್ ಮಾಡಿಕೊಳ್ಳುವಾಗ ಕಾಕಟೀಲಿಗೂ ಒಂದು ಚೂರು ಕೊಡೋಣವೇ ಎಂದು ಕೇಳುತ್ತಿದ್ದಾರೆ, ಕೊಡಬಹುದೇ? ಲಾಲ್‌ಬಾಗಿನ ಗಿಳಿಗಳು ಮರದ ಮೇಲಿನ ಹಣ್ಣನ್ನೆಲ್ಲ ತಿಂದು ಚೆನ್ನಾಗಿಯೇ ಇವೆಯಲ್ಲ, ಇಷ್ಟೊಂದು ಯೋಚನೆ ಏಕೆ ಎಂಬುದು ನಮ್ಮ ಯಜಮಾನರ ಮಾತು. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮಲ್ಲೇಶ್ವರದ ಹಕ್ಕಿ ಸಾಕಣೆದಾರ

ಅಮ್ಮಾ, ಉಳಿದದ್ದನ್ನು ನಿಧಾನವಾಗಿ ಓದಿದರೂ ಆದೀತು, ಬೆಣ್ಣೆ ಹಣ್ಣಿನ ಮಾತನ್ನು ಮಾತ್ರ ಇಂದೇ ಅತ್ತೆಯವರಿಗೆ ತಿಳಿಸಿಬಿಡಿ. ಅದನ್ನು ಹಕ್ಕಿಗೆ ಒಂದು ಚೂರೂ ಕೊಡಬಾರದು. ಬೆಣ್ಣೆ ಹಣ್ಣಿನ ತಿರುಳು, ಸಿಪ್ಪೆ, ಬೀಜ, ಎಲೆ ಎಲ್ಲದರಲ್ಲಿಯೂ ಪರ್ಸಿನ್ ಎಂಬ ವಸ್ತುವಿದೆ. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ. ಹಕ್ಕಿಗಳಲ್ಲಿ ಅದು ಹೃದಯದ ಸ್ನಾಯುವನ್ನೇ ಹಾಳುಮಾಡುತ್ತದೆ. ಬಡ್ಜಿ, ಕಾಕಟೀಲ್, ಕ್ಯಾನರಿಯಂತಹ ಸಣ್ಣ ಹಕ್ಕಿಗಳು ಒಂದೆರಡು ದಿನದೊಳಗೆ ಸಾಯುವುದುಂಟು. ಜ್ಯೂಸ್ ಮಾಡಿದ ಮಿಕ್ಸಿ ಜಾರನ್ನೂ ಚಮಚವನ್ನೂ ಚೆನ್ನಾಗಿ ತೊಳೆಯದೆ ಹಕ್ಕಿಯ ಆಹಾರಕ್ಕೆ ಬಳಸಬೇಡಿ.

ತಮ್ಮ ಯಜಮಾನರ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಸರಿಯಾದ ಉತ್ತರವೂ ಇದೆ. ಲಾಲ್‌ಬಾಗಿನ ಗಿಳಿ ಹಣ್ಣಿನ ಮರಗಳ ನಡುವೆಯೇ ಬೆಳೆದ ಹಕ್ಕಿ. ದಿನವಿಡೀ ಹಾರಿ, ತಿಂದದ್ದನ್ನು ಕರಗಿಸಿಕೊಳ್ಳುತ್ತದೆ. ಬಡ್ಜಿ ಮತ್ತು ಕಾಕಟೀಲ್ ಆಸ್ಟ್ರೇಲಿಯಾದ ಒಣ ಹುಲ್ಲುಗಾವಲಿನವು. ಅಲ್ಲಿ ಅವು ಮುಖ್ಯವಾಗಿ ತಿನ್ನುವುದು ಹುಲ್ಲಿನ ಬೀಜವನ್ನು. ನೀರು ತುಂಬಿದ ಸಿಹಿ ಹಣ್ಣು ಅವುಗಳ ಹೊಟ್ಟೆಗೆ ರೂಢಿಯಿರುವ ಆಹಾರವಲ್ಲ. ಮೇಲಾಗಿ ಬಡ್ಜಿಯ ತೂಕವೇ 30ರಿಂದ 40 ಗ್ರಾಂ. ತಾವು ಸಿಕ್ಕಿಸಿದ ಅಂಗೈಯಗಲದ ಹೋಳು ನಾಲ್ಕು ಬಡ್ಜಿಗಳ ಒಟ್ಟು ತೂಕಕ್ಕೆ ಸಮವಿದ್ದರೂ ಆಶ್ಚರ್ಯವಿಲ್ಲ. ಆದ್ದರಿಂದ ದಿನದ ಆಹಾರದಲ್ಲಿ ಹಣ್ಣು ಹತ್ತರಲ್ಲಿ ಒಂದು ಪಾಲನ್ನು ಮೀರದಿರಲಿ. ಕೈಲೆಕ್ಕದಲ್ಲಿ ಹೇಳುವುದಾದರೆ ಒಂದು ಬಡ್ಜಿಗೆ ಕಿರುಬೆರಳಿನ ಉಗುರಿನಷ್ಟು, ಕಾಕಟೀಲಿಗೆ ಹೆಬ್ಬೆರಳಿನ ಉಗುರಿನಷ್ಟು, ಅದೂ ವಾರಕ್ಕೆ ಮೂರು ನಾಲ್ಕು ದಿನ ಸಾಕು.

ಇನ್ನೊಂದು ಮಾತು. ವೈದ್ಯರು ಹಣ್ಣು ಕೊಡಿ ಎಂದದ್ದು ಎ ಜೀವಸತ್ವಕ್ಕಾಗಿ. ಹಾಗಿರುವಾಗ ಸೇಬು, ದ್ರಾಕ್ಷಿ, ಕಲ್ಲಂಗಡಿಗಳ ಹಿಂದೆ ಹೋದರೆ ಆ ಉದ್ದೇಶ ಅಷ್ಟಾಗಿ ಈಡೇರುವುದಿಲ್ಲ. ಅವುಗಳಲ್ಲಿ ಸಕ್ಕರೆ ಮತ್ತು ನೀರಿನ ಪಾಲೇ ಹೆಚ್ಚು. ಕಿತ್ತಳೆ ಬಣ್ಣದ ತಿರುಳಿರುವ ಪರಂಗಿ ಮತ್ತು ಮಾವು ಈ ಕೆಲಸಕ್ಕೆ ಒಳ್ಳೆಯವು. ಅವುಗಳಿಗಿಂತಲೂ ಕ್ಯಾರೆಟ್ ತುರಿ ಮತ್ತು ನುಗ್ಗೆ ಸೊಪ್ಪು ಮೇಲು. ನಮ್ಮ ಮನೆಯಲ್ಲಿ ವರ್ಷವಿಡೀ ನಡೆಯುವುದು ಪರಂಗಿ. ಅದು ಅಗ್ಗ, ಎಲ್ಲ ಕಾಲದಲ್ಲಿಯೂ ಸಿಗುತ್ತದೆ, ಸಿಪ್ಪೆ ದಪ್ಪವಾಗಿರುವುದರಿಂದ ಹೆರೆದು ತೆಗೆದರೆ ಮೇಲಿನ ಕೊಳೆಯೆಲ್ಲ ಅದರ ಜೊತೆಗೇ ಹೋಗುತ್ತದೆ. ಒಳಗಿನ ಕಪ್ಪು ಬೀಜ ಒಂದೆರಡು ಬಾಯಿಗೆ ಸಿಕ್ಕಿದರೂ ಭಯವಿಲ್ಲ.

ಬೀಜದ ವಿಷಯ. ಸೇಬು, ಮರಸೇಬು, ಪ್ಲಮ್, ಪೀಚ್, ಚೆರ್ರಿ ಇವುಗಳ ಬೀಜವನ್ನು ಹಕ್ಕಿ ಕೊಕ್ಕಿನಿಂದ ಒಡೆದಾಗ ಅದರಲ್ಲಿರುವ ಅಮಿಗ್ಡಲಿನ್ ಎಂಬ ವಸ್ತುವಿನಿಂದ ಸಯನೈಡ್ ಹುಟ್ಟುತ್ತದೆ. ಬೀಜ ಒಡೆಯುವುದೇ ಗಿಳಿ ಜಾತಿಯ ಕಸುಬಾದ್ದರಿಂದ, ಸೇಬಿನ ನಡುಭಾಗವನ್ನು ಪೂರ್ತಿ ಕೊರೆದು ತೆಗೆದ ಮೇಲೆಯೇ ಉಳಿದದ್ದನ್ನು ಹೆಚ್ಚಬೇಕು. ಸೀತಾಫಲದ ಬೀಜವಂತೂ ವಿಷವೇ. ಹಿಂದೆ ನಮ್ಮ ಹಳ್ಳಿಗಳಲ್ಲಿ ತಲೆಯ ಹೇನು ಸಾಯಲೆಂದು ಅದನ್ನು ಅರೆದು ಹಚ್ಚುತ್ತಿದ್ದುದು ಸುಮ್ಮನೆಯಲ್ಲ. ಸಪೋಟದ ಕೊಕ್ಕೆ ಬೀಜವನ್ನೂ ತೆಗೆದುಬಿಡಿ. ದಾಳಿಂಬೆ, ಸೀಬೆ, ಕಲ್ಲಂಗಡಿಗಳ ಬೀಜ ನಿರಪಾಯ. ಕಮರಾಕ್ಷಿಯಲ್ಲಿ ಮೂತ್ರಪಿಂಡಕ್ಕೆ ಕೆಡುಕು ಮಾಡುವ ಆಕ್ಸಲೇಟ್ ಹೆಚ್ಚಿರುವುದರಿಂದ ನಾನು ಅದನ್ನು ಕೊಡುವುದೇ ಇಲ್ಲ. ಮಾವಿನ ತೊಟ್ಟಿನ ಬಳಿಯ ಸೊನೆ ನಮ್ಮ ತುಟಿಯನ್ನೇ ಸುಡುತ್ತದೆ. ಆದ್ದರಿಂದ ಮಾವನ್ನು ನೀರಿನಲ್ಲಿ ನೆನೆಸಿ, ತೊಳೆದು, ಸಿಪ್ಪೆ ಹೆರೆದು ತಿರುಳನ್ನು ಮಾತ್ರ ಕೊಡಿ. ರಸ್ತೆ ಬದಿಯ ಗಾಡಿಯಲ್ಲಿ ಉಪ್ಪು, ಖಾರ ಉದುರಿಸಿಟ್ಟ ಹೋಳು, ಸಕ್ಕರೆ ಪಾಕದ ಡಬ್ಬಿ ಹಣ್ಣು ಇವು ಬೇಡವೇ ಬೇಡ.

ಸಮಯಕ್ಕೂ ಅಷ್ಟೇ ಬೆಲೆಯಿದೆ. ಬೆಳಿಗ್ಗೆ ಏಳು ಗಂಟೆಗೆ ಇಟ್ಟದ್ದನ್ನು ಒಂಬತ್ತರೊಳಗೆ ತೆಗೆಯುವುದು ನನ್ನ ನಿಯಮ. ಏಪ್ರಿಲ್ ಸೆಕೆಯಲ್ಲಿ ಒಂದು ಗಂಟೆ ಸಾಕು. ಕತ್ತರಿಸಿದ ಹಣ್ಣಿನಲ್ಲಿ ಹುಳಿ ಬರಲು, ಬೂಷ್ಟು ಹಿಡಿಯಲು ನಮ್ಮ ಕಣ್ಣಿಗೆ ಕಾಣುವವರೆಗೆ ಕಾಯಬೇಕಾಗಿಲ್ಲ. ಸಿಕ್ಕಿಸುವ ಸ್ಟೀಲ್ ಕ್ಲಿಪ್ಪನ್ನು ಪ್ರತಿ ಸಲ ಬಿಸಿನೀರಿನಲ್ಲಿ ತೊಳೆಯಿರಿ; ಅದರ ಸ್ಪ್ರಿಂಗಿನ ಒಳಗೆ ಒಣಗಿ ಅಂಟಿಕೊಂಡ ತಿರುಳು ಬೆರಳಿಗೆ ಸಿಗುವುದಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ ಬೇಕಾಗುತ್ತದೆ.

ಕಾಕಟೀಲ್‌ಗಳು ಮೊದಲು ಹಣ್ಣನ್ನು ಮುಟ್ಟದಿರಬಹುದು. ಹೊಸ ವಸ್ತು ಕಂಡರೆ ಹೆದರುವುದು ಅವುಗಳ ಸ್ವಭಾವ. ನಮ್ಮ ಹೆಣ್ಣು ಕಾಕಟೀಲು ಪರಂಗಿಯ ಚೂರನ್ನು ಕಂಡು ಜುಟ್ಟು ನಿಮಿರಿಸಿ ಪಂಜರದ ಮೂಲೆಗೆ ಸರಿದದ್ದು ಹನ್ನೊಂದು ದಿನ; ಹನ್ನೆರಡನೆಯ ದಿನ ನಾನು ಎದುರಿಗೆ ಕುಳಿತು ಅದೇ ಹಣ್ಣನ್ನು ತಿನ್ನುವುದನ್ನು ನೋಡಿ, ಕತ್ತು ಚಾಚಿ ಒಮ್ಮೆ ಕುಕ್ಕಿತು. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಕಾಳನ್ನು ಮಾತ್ರ ಎಂದಿಗೂ ಎತ್ತಿಡಬೇಡಿ. ಇಷ್ಟು ಚಿಕ್ಕ ದೇಹ ಒಂದು ದಿನದ ಉಪವಾಸವನ್ನೂ ತಡೆಯುವುದು ಕಷ್ಟ.

ಉತ್ತರ 2: ದೊಡ್ಡಬಳ್ಳಾಪುರದ ದ್ರಾಕ್ಷಿ ಬೆಳೆಗಾರ

ದ್ರಾಕ್ಷಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹಣ್ಣಿನ ಮೇಲೆ ಸಮವಾಗಿ ಹರಡಿದ, ಬೆರಳಿನಿಂದ ಸವರಿದರೆ ಅಳಿಸಿಹೋಗಿ ಕೆಳಗೆ ಹೊಳೆಯುವ ಸಿಪ್ಪೆ ಕಾಣಿಸುವ ಬೂದು ಲೇಪ ಔಷಧಿಯಲ್ಲ. ಅದು ಹಣ್ಣು ತಾನೇ ಬಿಡುವ ಮೇಣ. ಔಷಧಿಯ ಗುರುತು ಬೇರೆ. ಅದು ಹನಿ ಹನಿಯಾಗಿ ಒಣಗಿದ ಕಲೆಯಂತೆ, ಹೆಚ್ಚಾಗಿ ತೊಟ್ಟಿನ ಬಳಿ ಮತ್ತು ಗೊಂಚಲಿನ ಒಳಗೆ ಕಾಣುತ್ತದೆ. ಬೂಜು ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದಿದ್ದರೆ ಕಲೆಯಲ್ಲಿ ತಿಳಿನೀಲಿ ಛಾಯೆಯಿರುತ್ತದೆ. ಆದರೆ ಒಂದು ಸತ್ಯವನ್ನು ಬೆಳೆಗಾರನಾಗಿ ಮುಚ್ಚಿಡಲಾರೆ: ಕಲೆ ಕಾಣಿಸದಿದ್ದ ಮಾತ್ರಕ್ಕೆ ಔಷಧಿ ಇಲ್ಲವೆಂದು ಹೇಳಲಾಗದು. ಕೆಲವು ಔಷಧಿಗಳು ಗಿಡದ ಒಳಗೇ ಹರಿಯುತ್ತವೆ. ಅವು ಎಷ್ಟು ತೊಳೆದರೂ ಹೋಗುವುದಿಲ್ಲ. ಕೊನೆಯ ಸಿಂಪಡಣೆಯಾಗಿ ನಿಗದಿತ ದಿನಗಳು ಕಳೆದ ನಂತರವೇ ಕೊಯ್ಯಬೇಕೆಂಬ ನಿಯಮವಿರುವುದು ಆ ಕಾರಣಕ್ಕೇ.

ಆದ್ದರಿಂದ ಗೊಂಚಲನ್ನು ಹಾಗೆಯೇ ನೀರಿಗೆ ಅದ್ದಿ ತೆಗೆಯುವುದು ಸಾಲದು. ಹಣ್ಣುಗಳನ್ನು ಬಿಡಿಸಿ, ಒಂದು ಬಟ್ಟಲು ನೀರಿಗೆ ಅರ್ಧ ಚಮಚ ಅಡುಗೆ ಸೋಡ ಹಾಕಿ ಹತ್ತು ಹದಿನೈದು ನಿಮಿಷ ನೆನೆಸಿ, ಆಮೇಲೆ ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಮೇಲ್ಮೈಯಲ್ಲಿರುವ ಶೇಷ ಇದರಿಂದ ಬಹುಮಟ್ಟಿಗೆ ಇಳಿಯುತ್ತದೆ. ಪಾತ್ರೆ ತೊಳೆಯುವ ಸೋಪು ಬಳಸಬಾರದು. ಹಕ್ಕಿಗೆಂದೇ ಆದರೆ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಅನುಕೂಲ: ಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಪುಳಕ್ಕನೆ ಹೊರಗೆ ಬರುತ್ತದೆ. ಸಿಪ್ಪೆ ಎಸೆದು, ತಿರುಳನ್ನು ಸೀಳಿ ಬೀಜ ತೆಗೆದರೆ, ಅರ್ಧ ಹಣ್ಣು ಎರಡು ಬಡ್ಜಿಗಳಿಗೆ ಆಗುತ್ತದೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ ಹುಟ್ಟಿದ ಹಾಪ್‌ಕಾಮ್ಸ್‌ನ ಮಳಿಗೆಗಳಲ್ಲಿ ಹಂಗಾಮಿನಲ್ಲಿ ಈ ತಳಿ ಸಿಗುತ್ತದೆ.

ಮಾವು, ಬಾಳೆಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ. ಕ್ಯಾಲ್ಸಿಯಂ ಕಾರ್ಬೈಡ್ ಕಲ್ಲಿಟ್ಟು ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷಿದ್ಧ, ಏಕೆಂದರೆ ಅದರಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶ ಬೆರೆತಿರುತ್ತದೆ. ಹಾಗಿದ್ದರೂ ಅದರ ಬಳಕೆ ಪೂರ್ತಿ ನಿಂತಿಲ್ಲ. ಹೊರಗೆಲ್ಲ ಒಂದೇ ಸಮನೆ ಹಳದಿಯಾಗಿದ್ದು ಒಳಗೆ ಗಟ್ಟಿಯಾಗಿ, ವಾಸನೆಯಿಲ್ಲದೆ ಇರುವ ಮಾವನ್ನು ಹಕ್ಕಿಗೆ ಕೊಡದಿರುವುದು ಕ್ಷೇಮ.

ಉತ್ತರ 3: ಜಯನಗರದ ಓದುಗ

ಬೆಣ್ಣೆ ಹಣ್ಣಿನ ಬಗ್ಗೆ ಮೇಲೆ ಬರೆದದ್ದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಾಲ್ಕು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಒಂದು ಲವ್ ಬರ್ಡ್ ಇತ್ತು. ಬಡ್ಜಿಯಲ್ಲ, ಕೆಂಪು ಮುಖದ ಆಫ್ರಿಕದ ಹಕ್ಕಿ. ನನ್ನ ಮಗಳು ಊಟದ ಮೇಜಿನ ಮೇಲೆ ಬಿಟ್ಟಿದ್ದ ಬೆಣ್ಣೆ ಹಣ್ಣಿನ ಸಿಪ್ಪೆಯ ಒಳಮೈಯನ್ನು ಅದು ಕೆರೆದು ತಿಂದಿತು. ನಾವು ನೋಡಿಯೂ ಸುಮ್ಮನಿದ್ದೆವು, ಏಕೆಂದರೆ ಹಕ್ಕಿಯನ್ನು ಮಾರಿದವರು ಎಲ್ಲ ಹಣ್ಣನ್ನೂ ಕೊಡಬಹುದು ಎಂದಿದ್ದರು. ರಾತ್ರಿ ಚೆನ್ನಾಗಿಯೇ ಮಲಗಿತು. ಬೆಳಿಗ್ಗೆ ಹೊದಿಕೆ ತೆಗೆದಾಗ ಪಂಜರದ ನೆಲದ ಮೇಲೆ ಗರಿ ಉಬ್ಬಿಸಿಕೊಂಡು ಕುಳಿತಿತ್ತು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಆಸ್ಪತ್ರೆ ತೆರೆಯುವ ಹೊತ್ತಿಗೆ ಕಾದು, ಅಲ್ಲಿಗೆ ತಲುಪುವ ಮೊದಲೇ ಆಟೋದಲ್ಲಿ ನನ್ನ ಮಗಳ ಕೈಯಲ್ಲಿ ಪ್ರಾಣ ಬಿಟ್ಟಿತು.

ತಿಂದ ಕೂಡಲೇ ರಾತ್ರಿಯೇ ಹೊರಟಿದ್ದರೆ ಉಳಿಯುತ್ತಿತ್ತೋ ಏನೋ. ಹಣ್ಣು ಹೆಚ್ಚುವ ಮೇಜಿನ ಬಳಿ ಹಕ್ಕಿಯನ್ನು ಹೊರಗೆ ಬಿಡಬೇಡಿರೆಂದು ಎಲ್ಲರನ್ನೂ ಕೈಮುಗಿದು ಕೇಳುತ್ತೇನೆ.

ಉತ್ತರ 4: ಪಶುವೈದ್ಯ, ಹೆಬ್ಬಾಳ

ಪ್ರಶ್ನೆ ಕೇಳಿದವರು ಕಂಡದ್ದು ಬಹುಶಃ ಭೇದಿಯಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗಗಳಿರುತ್ತವೆ: ಹಸಿರು ಅಥವಾ ಕಂದು ಬಣ್ಣದ, ಸುರುಳಿಯಂತಹ ಮಲ, ಬಿಳಿಯ ಯುರೇಟ್ (ಮೂತ್ರದ ಗಟ್ಟಿ ಅಂಶ), ಮತ್ತು ತಿಳಿಯಾದ ಮೂತ್ರ. ಕಲ್ಲಂಗಡಿಯಂತಹ ನೀರಿನ ಹಣ್ಣು ತಿಂದಾಗ ಮೂರನೆಯ ಭಾಗ ಮಾತ್ರ ಹೆಚ್ಚಾಗಿ, ಕಾಗದದ ಮೇಲೆ ಒದ್ದೆಯ ಕಲೆ ಅಗಲವಾಗಿ ಹರಡುತ್ತದೆ. ನಡುವಿನ ಸುರುಳಿ ಮಾತ್ರ ಹಾಗೆಯೇ ಉಳಿದಿರುತ್ತದೆ. ಸುರುಳಿಯೇ ಕರಗಿ ಗಂಜಿಯಂತಾಗಿದ್ದರೆ, ದುರ್ವಾಸನೆಯಿದ್ದರೆ ಅಥವಾ ಹಿಂಭಾಗದ ಗರಿಗಳಿಗೆ ಅಂಟಿಕೊಂಡಿದ್ದರೆ ಅದು ಭೇದಿ. ಹಣ್ಣು ನಿಲ್ಲಿಸಿ ಒಂದು ದಿನವಾದ ಮೇಲೂ ಕಾಗದ ಒದ್ದೆಯಾಗುತ್ತಿದ್ದರೆ ತಪ್ಪದೆ ತೋರಿಸಿ. ನೇರಳೆ ಹಣ್ಣು ಅಥವಾ ಬೀಟ್‌ರೂಟ್ ಕೊಟ್ಟ ದಿನ ಹಿಕ್ಕೆಗೆ ಬಣ್ಣ ಬಂದರೆ ರಕ್ತವೆಂದು ಗಾಬರಿಯಾಗುವವರಿದ್ದಾರೆ. ಏನು ಕೊಟ್ಟಿದ್ದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ತಮಗೂ ನಮಗೂ ಅನುಕೂಲ. ಹಿಕ್ಕೆ ನೋಡಲು ಬಿಳಿಯ ಕಾಗದ ಹಾಸುವುದು ಒಳ್ಳೆಯದು.

ವಿಷದ ಹಣ್ಣು ತಿಂದಿದೆ ಎಂಬ ಅನುಮಾನ ಬಂದರೆ ಲಕ್ಷಣ ಕಾಣಿಸಲೆಂದು ಕಾಯಬೇಡಿ. ಹಕ್ಕಿಗಳು ಕಾಯಿಲೆಯನ್ನು ಆದಷ್ಟು ಬಚ್ಚಿಟ್ಟುಕೊಳ್ಳುತ್ತವೆ. ಗರಿ ಉಬ್ಬಿಸಿ ನೆಲಕ್ಕಿಳಿಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಬೆಣ್ಣೆ ಹಣ್ಣಿನ ವಿಷಕ್ಕೆ ಪ್ರತಿವಿಷವಿಲ್ಲ. ಬೇಗ ಬಂದಷ್ಟೂ ನಾವು ಮಾಡಬಹುದಾದದ್ದು ಹೆಚ್ಚು. ಮನೆಯಲ್ಲಿ ಬಾಯಿಗೆ ಎಣ್ಣೆ, ಹಾಲು, ನೀರು ಏನನ್ನೂ ಹೊಯ್ಯಬೇಡಿ. ಅದು ಶ್ವಾಸನಾಳಕ್ಕೆ ಹೋಗಿ ಅದರಿಂದಲೇ ಹಕ್ಕಿ ಸಾಯಬಹುದು. ಸಣ್ಣ ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಮಾಡಿ, ಮೆತ್ತನೆಯ ಬಟ್ಟೆ ಹಾಸಿ, ಬೆಚ್ಚಗೆ, ಕತ್ತಲಾಗಿ, ಸದ್ದಿಲ್ಲದಂತೆ ಇಟ್ಟು ಕರೆತನ್ನಿ. ತಿಂದು ಉಳಿದ ಹಣ್ಣಿನ ಚೂರನ್ನೂ ಜೊತೆಗೆ ತನ್ನಿ.

ಮೇಲೆ ಯಾರೂ ಹೇಳದ ಎರಡು ವಿಷಯಗಳಿವೆ. ತಾವು ಕಚ್ಚಿದ ಹಣ್ಣನ್ನು ಹಕ್ಕಿಗೆ ಕೊಡಬೇಡಿ. ನಮ್ಮ ಬಾಯಿಯಲ್ಲಿ ತೊಂದರೆ ಮಾಡದ ಸೂಕ್ಷ್ಮಾಣುಗಳು ಅವುಗಳಿಗೆ ಸೋಂಕು ತರಬಲ್ಲವು. ಎರಡನೆಯದು ಇರುವೆ. ಹಣ್ಣಿನ ರಸ ಸೋರಿದ ಕಡೆ ಇರುವೆ ಬರುತ್ತದೆ, ಕೂಡಲೇ ಪಂಜರದ ಸುತ್ತ ಇರುವೆಯ ಚಾಕಿನಿಂದ ಗೆರೆ ಎಳೆಯುತ್ತಾರೆ. ಆ ಚಾಕ್ ಕೀಟನಾಶಕ; ಅದರ ಪುಡಿ ರೆಕ್ಕೆ ಬಡಿದಾಗ ಎದ್ದು ಹಕ್ಕಿಯ ಮೂಗಿಗೂ ಕಾಳಿಗೂ ಸೇರುತ್ತದೆ. ಅದರ ಬದಲು, ಹಿಂದೆ ಅಡುಗೆಮನೆಯ ಹಾಲಿನ ಬೀರುವಿನ ಕಾಲುಗಳಿಗೆ ನೀರಿನ ಬಟ್ಟಲು ಇಡುತ್ತಿದ್ದಂತೆ, ಪಂಜರದ ಸ್ಟ್ಯಾಂಡಿನ ಕಾಲುಗಳ ಕೆಳಗೂ ಇಟ್ಟರೆ ಸಾಕು.

ಲಾಲ್‌ಬಾಗಿನ ಗಿಳಿಯ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ: ನಮ್ಮ ನಾಡಿನ ಗಿಳಿಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗೂಡಿನಿಂದ ಬಿದ್ದ ಮರಿ ಸಿಕ್ಕಿದರೆ ಹಣ್ಣು ತಿನ್ನಿಸಲು ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ ಕೇಳಿದವರು: ಬಸವನಗುಡಿ ಗೃಹಿಣಿ (ಮೂರು ವಾರಗಳ ನಂತರ)

ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಜಯನಗರದವರ ಬರಹವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಮರುದಿನದಿಂದ ಜ್ಯೂಸ್ ಮಾಡುವ ಮುಂಚೆ ಅಡುಗೆಮನೆಯ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಿದ್ದಾರೆ. ಕಲ್ಲಂಗಡಿಯ ದಿನದ ಹಿಕ್ಕೆ ವೈದ್ಯರು ವರ್ಣಿಸಿದ ಹಾಗೆಯೇ ಇತ್ತು: ನಡುವೆ ಸುರುಳಿ, ಸುತ್ತ ನೀರು.

ಈಗ ಬೆಳಿಗ್ಗೆ ಏಳೂವರೆಗೆ ಪರಂಗಿಯ ಸಣ್ಣ ಚೂರುಗಳನ್ನೂ ತೊಳೆದ ನುಗ್ಗೆ ಸೊಪ್ಪಿನ ಒಂದು ಕಡ್ಡಿಯನ್ನೂ ಕ್ಲಿಪ್ಪಿಗೆ ಸಿಕ್ಕಿಸಿ, ಎಂಟೂವರೆಗೆ ತೆಗೆಯುತ್ತೇನೆ. ಬಡ್ಜಿಗಳು ಮೂರನೆಯ ದಿನವೇ ಒಪ್ಪಿಕೊಂಡವು. ಸೊಪ್ಪಿನ ಮೇಲಿನ ನೀರಿನ ಹನಿಗಳಿಗೆ ಮೈಯೊಡ್ಡಿ ಸ್ನಾನವನ್ನೂ ಮಾಡಿಕೊಳ್ಳುತ್ತವೆ. ಗಂಡು ಕಾಕಟೀಲು ಎರಡು ವಾರ ಜುಟ್ಟು ನಿಮಿರಿಸಿ ದೂರವೇ ಇತ್ತು. ನಿನ್ನೆ ಬಡ್ಜಿಯೊಂದು ತಿಂದು ಹೋದ ಮೇಲೆ ಮೆಲ್ಲನೆ ಕೋಲಿನ ಮೇಲೆ ಸರಿದು ಬಂದು, ಚೂರಿನ ಅಂಚನ್ನು ನಾಲಿಗೆಯಿಂದ ಮುಟ್ಟಿ, ತಲೆ ಕೊಡವಿ ಹಿಂದೆ ಸರಿಯಿತು. ಇಂದು ಬೆಳಿಗ್ಗೆ ನೋಡಿದಾಗ ಅದರ ಕೊಕ್ಕಿನ ತುದಿಯಲ್ಲಿ ಕಿತ್ತಳೆ ಬಣ್ಣದ ಒಂದು ಎಳೆ ಅಂಟಿಕೊಂಡಿತ್ತು.